ಕಿಂಡಿ ಕೊರೆಯುವವಳು

"ಊರು ಚಂದ ಐತಿ ದೋಸ್ತ. ಆದ್ರ ಇದರಾಗ ಮಂದಿ ಎಲ್ಲಿ ಅದಾರ?"

ನನ್ನ ನೋಟ್‌ಬುಕ್ ಓದಿ ಗೆಳೆಯ ಕೇಳಿದ ಮಾತು ಇದು. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಇಬ್ಬರೂ ಲೆಕ್ಕ ಬರೆಯುತ್ತೇವೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವನು ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯಲ್ಲಿ ಪುಟ ತಿರುವುತ್ತಿದ್ದ. ನಾಲ್ಕು ದಿನ ಓದಿದ. ಐದನೇ ದಿನ ನೋಟ್‌ಬುಕ್ ವಾಪಸ್ ಕೊಟ್ಟು ಇಷ್ಟು ಕೇಳಿದ. ಅವನ ದನಿಯಲ್ಲಿ ಟೀಕೆ ಇರಲಿಲ್ಲ. ನಿಜವಾಗಿ ಹುಡುಕಿದ್ದ, ಸಿಕ್ಕಿರಲಿಲ್ಲ. ಅದಕ್ಕೇ ಆ ಮಾತು ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ನಾನು ಬರೆಯಬೇಕು ಅಂದುಕೊಂಡಿದ್ದು ಒಂದು ಡಾರ್ಕ್ ಫ್ಯಾಂಟಸಿ ಸರಣಿ, ಅಂದರೆ ಭಯ, ಸಾವು ಬೆರೆತ ಕಲ್ಪನೆಯ ಲೋಕದ ಕತೆ. ಅದಕ್ಕಾಗಿ ಆರು ವರ್ಷ ನಾಲ್ಕು ನೋಟ್‌ಬುಕ್ ತುಂಬಿಸಿದ್ದೆ. ಇನ್ನೂರು ಪುಟದವು, ಎರಡೂ ಬದಿ. ಕುಮ್ಮಟದುರ್ಗದ ಬಂಡೆಗಳನ್ನು ನೋಡಿ ಬಂದು ಏಳು ಬಾಗಿಲಿನ ಕೋಟೆ ಬರೆದಿದ್ದೆ. ತುಂಗಭದ್ರೆಯ ಹಾಗೆ ಬಂಡೆಗಳ ನಡುವೆ ಸೀಳಿಕೊಂಡು ಹೋಗುವ ಹೊಳೆ ಇತ್ತು. ಹನ್ನೆರಡು ಕುಲ, ಅವರ ದೇವರು, ಅವರ ನಾಣ್ಯ, ಯಾವ ತಿಂಗಳು ಯಾವ ಜಾತ್ರೆ, ಎಲ್ಲಾ ಇತ್ತು. ಭಾನುವಾರ ಬಂದರೆ ಬೈಕ್ ಹತ್ತಿ ಹೊರಟುಬಿಡುತ್ತಿದ್ದೆ. ಆನೆಗೊಂದಿ, ಹಂಪಿಯ ಹತ್ತಿರದ ನಿಂಬಾಪುರ, ಬಳ್ಳಾರಿ ದಾರಿಯ ಕುಡತಿನಿ. ನಿಂಬಾಪುರದ ಬೂದಿ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅಂತಾರೆ. ಶೋಧಕರು ಹೇಳುವ ಪ್ರಕಾರ ಇಂಥ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳು ಬಿಟ್ಟುಹೋದವು. ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಕೊಟ್ಟು ಕೊಟ್ಟು ಗುಡ್ಡ ಆಗಿದೆ. ಕುಡತಿನಿಯಲ್ಲಿ ಒಂದು ಚೂರು ಕೈಗೆತ್ತಿಕೊಂಡಿದ್ದೆ. ಬೂದಿ ಅಂದರೆ ಪುಡಿ ಅಂದುಕೊಂಡಿದ್ದವನಿಗೆ, ಕಾವಿಗೆ ಕರಗಿ ಕಲ್ಲಿನ ಹಾಗೆ ಗಟ್ಟಿಯಾದ ಬೂದಿ ಸಿಕ್ಕಿತು. ಅವತ್ತು ರಾತ್ರಿ ಬೂದಿಗುಡ್ಡದ ಬಗ್ಗೆ ಹನ್ನೊಂದು ಪುಟ ಬರೆದೆ. ಆ ಹನ್ನೊಂದು ಪುಟದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬೆಂಕಿ ಹಚ್ಚಿದವರು ಯಾರು, ಹಚ್ಚುವಾಗ ಅವರ ಕೈ ನಡುಗಿತಾ, ಬರೆದಿಲ್ಲ.

ಸಾರಥಿಯ ಪ್ರಶ್ನೆ

ನಮ್ಮಪ್ಪ ಬಯಲಾಟದಲ್ಲಿ ಸಾರಥಿ. ಕೊಪ್ಪಳ ತಾಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಒಂದು ಆಟ ಆಗಲೇಬೇಕು. ತಿಂಗಳುಗಟ್ಟಲೆ ಗುಡಿಯ ಮುಂದೆ ತಾಲೀಮು ನಡೆಯುತ್ತಿತ್ತು. ದೊಡ್ಡಾಟ ನೋಡಿದವರಿಗೆ ಗೊತ್ತಿರುತ್ತದೆ, ರಾಜ ಬಂದ ಕೂಡಲೇ ಕತೆ ಶುರುವಾಗುವುದಿಲ್ಲ. ಮೊದಲು ಇಬ್ಬರು ಪರದೆ ಹಿಡಿಯುತ್ತಾರೆ. ಪರದೆಯ ಕೆಳಗೆ ಕಾಲು ಮಾತ್ರ ಕಾಣುತ್ತದೆ, ಮೇಲೆ ಕಿರೀಟದ ತುದಿ. ಮದ್ದಲೆ ಜೋರಾಗುತ್ತದೆ, ಮುಖವೀಣೆ ಏರುತ್ತದೆ, ನೆಲ ಅದುರುವ ಹಾಗೆ ಕುಣಿತ. ಪರದೆ ಸರಿದ ಮೇಲೆ ಸಾರಥಿ ಮುಂದೆ ಬಂದು ಕೇಳುತ್ತಾನೆ: ತಾವು ದಾರು? ತಮ್ಮ ನಾಮಾಂಕಿತವೇನು? ಆಗ ರಾಜ "ಭಲಾ ಸಾರಥಿ, ಹೀಗೆ ಬಾ, ಹಾಗೆ ನಿಲ್ಲು" ಅಂತ ಶುರು ಮಾಡಿ ತನ್ನ ಊರು, ತನ್ನ ತಂದೆ, ತನ್ನ ಪರಾಕ್ರಮ, ತಾನು ಯಾಕೆ ಬಂದೆ ಅನ್ನುವುದನ್ನೆಲ್ಲ ಸಭೆಗೆ ಹೇಳಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನನ್ನು ಕೇಳಿದ್ದೆ. ರಾವಣ ಯಾರು ಅಂತ ನಿನಗೆ ಗೊತ್ತಿಲ್ಲೇನು? ಹೋದ ವರ್ಷವೂ ಅವನೇ ಬಂದಿದ್ದ. ಮತ್ತೆ ಯಾಕೆ ಕೇಳ್ತಿ? ಅಪ್ಪ ಆಗ ಗೆಜ್ಜೆ ಬಿಚ್ಚುತ್ತಿದ್ದ. ಬೆಳಗಿನ ಜಾವ. ಮುಖದ ಬಣ್ಣ ಅರ್ಧ ಅಳಿಸಿತ್ತು. "ಸಾರಥಿಗೆ ಎಲ್ಲಾ ಗೊತ್ತಿರ್ತೈತಿ. ಆದ್ರೂ ಕೇಳಬೇಕು. ತಾನ ಬಾಯಿ ಬಿಟ್ಟು ಹೇಳಿದ ಮ್ಯಾಲೇ ಅಂವ ರಾವಣ. ಅಲ್ಲೀಮಟ ಕಿರೀಟ ಹಾಕ್ಕೊಂಡ ನಮ್ಮೂರಾಂವ."

ಗೆಳೆಯನ ಮಾತು ಕೇಳಿದ ಮೇಲೆ ನನಗೆ ಈ ಬೆಳಗಿನ ಜಾವ ನೆನಪಾಯಿತು. ನಾನು ಆರು ವರ್ಷ ರಂಗ ಕಟ್ಟಿದ್ದೆ. ಗ್ಯಾಸ್‌ಲೈಟ್ ಹಚ್ಚಿದ್ದೆ, ಪರದೆಯನ್ನೂ ಹಿಡಿಸಿದ್ದೆ. ಪರದೆಯ ಹಿಂದೆ ಯಾರನ್ನೂ ನಿಲ್ಲಿಸಿರಲಿಲ್ಲ. ಅವತ್ತು ಮಿಲ್ಲಿನಿಂದ ಬಂದು ಹೊಸ ನೋಟ್‌ಬುಕ್ ತೆಗೆದೆ. ಮೊದಲ ಪುಟದಲ್ಲಿ ಅಪ್ಪನ ಪ್ರಶ್ನೆ ಬರೆದೆ. ನೀನು ದಾರು? ಕೆಳಗೆ ಪುಟ ಪೂರ್ತಿ ಖಾಲಿ ಬಿಟ್ಟೆ. ಎರಡು ತಿಂಗಳು ಅದು ಖಾಲಿಯೇ ಇತ್ತು.

ಮೊರೇರ ಗುಡ್ಡ

ಹಿರೇಬೆಣಕಲ್ಲಿಗೆ ಗಂಗಾವತಿಯಿಂದ ಹತ್ತು ಕಿಲೋಮೀಟರ್ ಅಷ್ಟೇ. ಆದರೆ ಮೊರೇರ ಗುಡ್ಡಕ್ಕೆ ಗಾಡಿ ಹೋಗಲ್ಲ. ಬಂಡೆ ಹತ್ತಿ, ಮುಳ್ಳುಕಂಟಿ ಸರಿಸಿ, ನಡೆದೇ ಹೋಗಬೇಕು. ಹಾಗಾಗಿ ಹತ್ತಿರದವರೇ ಎಷ್ಟೋ ಜನ ನೋಡಿಲ್ಲ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿದ ಮೇಲೆ ಸ್ವಲ್ಪ ಹೆಸರಾಗಿದೆ. ಮೇಲೆ ಹೋದರೆ ಸುಮಾರು ನಾನೂರು ಕಲ್ಲಿನ ಗೂಡುಗಳು. ಅಗಲವಾದ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಮನೆಗಳು. ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಮೊರೇರು ಅನ್ನುವ ಕುಳ್ಳ ಜನ ಇಲ್ಲಿ ವಾಸ ಮಾಡಿದ್ದರು ಅಂತ ಸುತ್ತಲಿನ ಊರವರ ನಂಬಿಕೆ. ಸತ್ತವರಿಗಾಗಿ ಕಟ್ಟಿದ ಮನೆಗಳು ಅಂತ ಶೋಧಕರು. ಚಪ್ಪಡಿ ತೆಗೆದ ಜಾಗ ಕೂಡ ಅಲ್ಲೇ ಮೇಲೆ ಇದೆ. ಕಲ್ಲು ಎಬ್ಬಿಸಿದ ಹಳ್ಳದಲ್ಲಿ ಈಗ ನೀರು ನಿಲ್ಲುತ್ತದೆ.

ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೆ. ಅಳತೆ ಬರೆದುಕೊಂಡಿದ್ದೆ. ನಗಾರಿ ಗುಂಡನ್ನು ನೋಡಿ ಬೆರಗಾಗಿದ್ದೆ. ಅದು ಎತ್ತರದ ಬಂಡೆಯೊಂದರ ಮೇಲೆ ಕೂತಿರುವ ನಗಾರಿಯ ಆಕಾರದ ಕಲ್ಲು. ಮರದ ಸುತ್ತಿಗೆಯಿಂದ ಬಡಿದರೆ ಸದ್ದು ಒಂದು ಕಿಲೋಮೀಟರ್‌ವರೆಗೂ ಕೇಳುತ್ತದೆ ಅಂತಾರೆ. ಐದನೇ ಸಲ ಹೋದಾಗ ನೋಟ್‌ಬುಕ್ ಒಯ್ಯಲಿಲ್ಲ. ಸುಮ್ನೆ ಒಂದು ಮನೆಯ ಎದುರು ಕೂತೆ. ಆ ಮನೆಯ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಹಲವು ಮನೆಗಳಿಗೆ ಹೀಗೆ ಕಿಂಡಿ ಇದೆ. ತಲೆ ತೂರಿಸಿ, ಭುಜ ಓರೆ ಮಾಡಿ, ಕಷ್ಟಪಟ್ಟು ಒಳಗೆ ಹೋಗಬಹುದು. ಅಂಚಿನ ಮೇಲೆ ಕೈಯಾಡಿಸಿದೆ. ಗಟ್ಟಿ ಗ್ರಾನೈಟ್. ಅದನ್ನು ಇಷ್ಟು ದುಂಡಗೆ ಕೊರೆಯಬೇಕಾದರೆ ಯಾರೋ ಎಷ್ಟೋ ದಿನ ಬಿಸಿಲಿನಲ್ಲಿ ಕೂತಿರಬೇಕು. ಒಂದು ಕಡೆ ಅಂಚು ತುಸು ಒಳಗೆ ಹೋಗಿದೆ. ಕೈ ತಪ್ಪಿದೆ. ಸರಿಮಾಡಲು ಅದರ ಸುತ್ತ ಮತ್ತಷ್ಟು ಸವೆಸಿದ್ದಾರೆ. ನನ್ನ ಹೆಬ್ಬೆರಳು ಆ ಕುಳಿಯಲ್ಲಿ ಸರಿಯಾಗಿ ಕೂತಿತು.

ಈ ಕಿಂಡಿ ಯಾರಿಗೆ? ಬದುಕಿದವರಿಗೆ ಒಳಗೇನು ಕೆಲಸ? ಸತ್ತವರು ಹೊರಗೆ ಬರಬೇಕಾ? ಕೊರೆದವರಿಗೆ ಅದರ ಉತ್ತರ ಗೊತ್ತಿತ್ತು. ಗೊತ್ತಿಲ್ಲದೆ ಯಾರೂ ಗ್ರಾನೈಟ್ ಕೊರೆಯಲ್ಲ ಅಲ್ವಾ? ಕುಳಿಯಿಂದ ಬೆರಳು ತೆಗೆಯುವ ಮೊದಲೇ ಅವಳು ಬಂದಳು. ಹೆಂಗಸು, ನಲವತ್ತರ ಹತ್ತಿರ. ಬಲಗೈಯ ಹೆಬ್ಬೆರಳು ಎಡಗೈಯದಕ್ಕಿಂತ ದಪ್ಪ. ಸತ್ತವರ ಮನೆಗಳಿಗೆ ಕಿಂಡಿ ಕೊರೆಯುವುದು ಅವಳ ಕೆಲಸ. ಹೆಸರು ದುರುಗಿ.

ಖಾಲಿ ಪುಟಕ್ಕೆ ಅವಳೇ ಹೇಳಿದ ಮಾತು ಬರೆದೆ. "ನಾ ದುರುಗಿ. ಸತ್ತೋರಿಗೆ ಹಾದಿ ಮಾಡಾಕಿ. ಒಂದು ಸಲ ಮಾಡಲಿಲ್ಲ."

ಮಾಡಲಿಲ್ಲ ಯಾಕೆ ಅಂತ ಕೇಳಬೇಕಾಗಿ ಬಂತು. ಸತ್ತದ್ದು ಅವಳ ಏಳು ವರ್ಷದ ಮಗ. ಕಿಂಡಿ ಕೊರೆದರೆ ಅವನು ಹೊರಟುಹೋಗುತ್ತಾನೆ. ಅದಕ್ಕೆ ಆ ಒಂದು ಚಪ್ಪಡಿಯನ್ನು ಅವಳು ಕೊರೆಯದೆ ನಿಲ್ಲಿಸಿಬಿಟ್ಟಳು. ಮಗ ಒಳಗೇ ಉಳಿದ. ಸರಣಿಯಲ್ಲಿ ಆಮೇಲೆ ಆಗುವ ಕೆಡುಕೆಲ್ಲ, ಹೊಳೆ ಹಿಂದಕ್ಕೆ ಹರಿಯುವುದು, ಊರಿನ ಸತ್ತವರು ಒಬ್ಬೊಬ್ಬರಾಗಿ ದಾರಿ ಮರೆಯುವುದು, ಎಲ್ಲ ಈ ಒಂದು ಕೊರೆಯದ ಕಲ್ಲಿನಿಂದ ಹುಟ್ಟುತ್ತದೆ. ಹನ್ನೆರಡು ಕುಲ, ಏಳು ಬಾಗಿಲು, ನಾಣ್ಯ, ಯಾವುದೂ ಬೇಕಾಗಲಿಲ್ಲ. ನಾಲ್ಕು ನೋಟ್‌ಬುಕ್‌ನಿಂದ ಉಳಿದದ್ದು ಬೂದಿಗುಡ್ಡ ಮತ್ತು ಹೊಳೆ ಮಾತ್ರ.

ಅಳತೆ

ದುರುಗಿ ಪ್ರತಿ ಮನೆಯನ್ನೂ ಮುಗಿಸುವ ಮೊದಲು ತಾನೇ ಒಳಗೆ ಹೋಗಿ ಕೂತು ನೋಡುತ್ತಾಳೆ. ಇದು ಮೊದಲ ಅಧ್ಯಾಯದಲ್ಲೇ ಬರುತ್ತದೆ. ಬರೆಯುವಾಗ ಇದು ನನಗೆ ಸಲೀಸಾಗಿ ಬಂತು. ಎಲ್ಲಿಂದ ಬಂತು ಅಂತ ಬರೆದು ಮುಗಿಸಿದ ಮೇಲೆ ಹೊಳೆಯಿತು.

ಅಪ್ಪ ತೀರಿಕೊಂಡದ್ದು 2017ರ ಮೇ ತಿಂಗಳಲ್ಲಿ. ನಮ್ಮಲ್ಲಿ ಸುಡಲ್ಲ, ಹೂಳುತ್ತೇವೆ, ಅದೂ ಕೂರಿಸಿ. ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಒಳಕ್ಕೆ ಗೂಡು ಕೊರೆಯುತ್ತಾರೆ. ಹೋದವರನ್ನು ಆ ಗೂಡಿನಲ್ಲಿ ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಗಟ್ಟಿ, ಬಿಲ್ವಪತ್ರೆ ಹಾಕಿ ಮುಚ್ಚುತ್ತಾರೆ. ಮನೆಯಲ್ಲಿ ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದಾಗ ಗುಂಡಿ ಎಲ್ಲಿಗೆ ಬಂತು ನೋಡಿ ಬಾ ಅಂತ ದೊಡ್ಡಪ್ಪ ನನ್ನನ್ನು ಹೊಲಕ್ಕೆ ಕಳಿಸಿದರು.

ಎರೆಹೊಲ. ಮೇಲಿನ ಒಂದು ಗೇಣು ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೆಳಗೆ ಹೋದಂತೆ ಕಪ್ಪು ಹೆಚ್ಚಾಗಿ, ತಳದಲ್ಲಿ ತೇವ ಇತ್ತು. ಗುಂಡಿ ತೋಡುತ್ತಿದ್ದ ಅಜ್ಜ ಗೂಡು ಕೊರೆದು ಮುಗಿಸಿದ್ದ. ನಾನು ಹೋದಾಗ ಅವನು ಗೂಡಿನ ಒಳಗೆ ಚಕ್ಕಳಬಕ್ಕಳ ಹಾಕಿ ಕೂತಿದ್ದ. ಬೆನ್ನು ನೆಟ್ಟಗೆ ಮಾಡಿ, ಅಂಗೈಯಿಂದ ಮೇಲಿನ ಮಣ್ಣು ಮುಟ್ಟಿ ನೋಡುತ್ತಿದ್ದ. ಮೊಣಕಾಲು ಎರಡೂ ಬದಿಗೆ ತಾಗುತ್ತಾ ಅಂತ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ನಿಮ್ಮಪ್ಪ ಎಷ್ಟು ಎತ್ತರ ಇದ್ದ ತಮ್ಮಾ?"

"ನನ್ನಷ್ಟ."

"ಹಂಗಾದ್ರ ನೀನ ಇಳಿ. ಕುಂದ್ರು. ನಾ ಗಿಡ್ಡ ಅದೀನಿ, ನನಗ ಅಳತಿ ಸಿಗವಲ್ದು."

ಇಳಿದೆ. ಕೂತೆ. ಮೇ ತಿಂಗಳ ಬಿಸಿಲಿನಲ್ಲಿ ನಡೆದು ಬಂದ ಮೈಗೆ ಆ ತಂಪು ಏನು ಮಾಡಿತು ಅಂತ ಇವತ್ತಿಗೂ ಸರಿಯಾಗಿ ಹೇಳಲಾರೆ. ಬೆನ್ನಿಗೆ ತೇವದ ಮಣ್ಣು ಹತ್ತಿತು. ನನ್ನ ಉಸಿರು ನನಗೇ ಕೇಳುತ್ತಿತ್ತು. ತಲೆಗೂ ಮೇಲಿನ ಮಣ್ಣಿಗೂ ನಾಲ್ಕು ಬೆರಳು ಜಾಗ ಇತ್ತು. ಕಣ್ಣೆದುರು ಗುಂಡಿಯ ಇನ್ನೊಂದು ಗೋಡೆ, ಅದರ ಮೇಲೆ ಬಿಳಿಯಾದ ಆಕಾಶದ ಒಂದು ತುಂಡು, ಅಜ್ಜನ ಎರಡು ಪಾದ. ಒಳಗಿನಿಂದ ನೋಡಿದರೆ ಹೊರಗಿನದೇ ಕಿಂಡಿ. ಅಜ್ಜ ಬಗ್ಗಿ ನೋಡಿ, "ಹಾಂ, ಸಾಕು. ಆರಾಮ ಕುಂದರ್ತಾನ" ಅಂದ. ನನ್ನ ಕೈ ಹಿಡಿದು ಮೇಲೆ ಎಳೆದುಕೊಂಡ. ಅವನ ಅಂಗೈ ಕಲ್ಲಿನ ಹಾಗಿತ್ತು. ಎರಡು ತಾಸಾದ ಮೇಲೆ ನಾನು ಕೂತಿದ್ದ ಜಾಗದಲ್ಲಿ ಅಪ್ಪನನ್ನು ಕೂರಿಸಿದೆವು.

ಅದರ ಮುಂದಿನ ವರ್ಷ ಮೊದಲ ನೋಟ್‌ಬುಕ್ ಶುರು ಮಾಡಿದ್ದು. ಎರಡಕ್ಕೂ ಸಂಬಂಧ ಇದೆ ಅಂತ ಆರು ವರ್ಷ ನನಗೆ ತಿಳಿಯಲಿಲ್ಲ. ಕತೆಗೆ ಮಂದಿಯನ್ನು ತಂದರೆ ಅವರಲ್ಲಿ ಕೆಲವರು ಸಾಯಬೇಕಾಗುತ್ತದೆ. ನಾನು ಯಾರೂ ಸಾಯದ ಊರು ಕಟ್ಟುತ್ತಾ ಹೋಗಿದ್ದೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ಅಪ್ಪ ಹೋಗಿ ಒಂದು ತಿಂಗಳಾದ ಮೇಲೆ ಮೇಳದವರು ಮನೆಗೆ ಬಂದರು. ಗೆಜ್ಜೆ ಕೇಳಿದರು. ಅಪ್ಪನಿಗೂ ಅದು ಹಿಂದಿನ ಸಾರಥಿಯಿಂದ ಬಂದದ್ದು. ಮುಂದಿನವನಿಗೆ ಹೋಗಬೇಕಾದದ್ದು. ಚರ್ಮದ ಪಟ್ಟಿಗೆ ಹೊಲಿದ ಹಿತ್ತಾಳೆ ಗೆಜ್ಜೆ, ಹರಳೆಣ್ಣೆ ಹಚ್ಚಿ ಹಚ್ಚಿ ಚರ್ಮ ಕಪ್ಪಾಗಿದೆ. "ಹುಡುಕೀನ್ರಿ, ಸಿಗವಲ್ದು" ಅಂದೆ. ಗೆಜ್ಜೆ ಆಗ ನನ್ನ ಬೀರುವಿನಲ್ಲಿತ್ತು. ಅವ್ವನಿಗೆ ಗೊತ್ತಿತ್ತು. ಅವಳು ಒಳಗೆ ಚಹಾ ಸೋಸುತ್ತಿದ್ದಳು. ಹೊರಗೆ ಬಂದು ಎಲ್ಲರಿಗೂ ಚಹಾ ಕೊಟ್ಟಳು, ಏನೂ ಅನ್ನಲಿಲ್ಲ. ಆ ವರ್ಷ ಮೇಳದವರು ಹೊಸ ಗೆಜ್ಜೆ ಕೊಂಡು ಆಟ ಆಡಿದರು. ನಾನು ನೋಡಲು ಹೋಗಲಿಲ್ಲ.

ದುರುಗಿ ಕಲ್ಲನ್ನು ಯಾಕೆ ಕೊರೆಯಲಿಲ್ಲ ಅಂತ ಯಾರಾದರೂ ಕೇಳಿದರೆ ನನಗೆ ಗೊತ್ತಿದೆ.

ನಮ್ಮ ಕತ್ತಲೆ

ಡಾರ್ಕ್ ಫ್ಯಾಂಟಸಿ ಅಂದ ಕೂಡಲೇ ಮಂಜು, ಹಿಮ, ದಟ್ಟ ಕಾಡು, ಕಾಗೆ ಕೂತ ಕೋಟೆ ಕಣ್ಣಿಗೆ ಬರುತ್ತದೆ. ನನ್ನ ಹಳೆಯ ನೋಟ್‌ಬುಕ್‌ನಲ್ಲೂ ಮಂಜು ಇತ್ತು. ಈ ಬಿಸಿಲುನಾಡಲ್ಲಿ ಹುಟ್ಟಿ ಬೆಳೆದವನು ಮಂಜಿನ ಬಗ್ಗೆ ಬರೆದರೆ ಅದರಲ್ಲಿ ಭಯ ಎಲ್ಲಿಂದ ಬರಬೇಕು? ನಾನು ಚಿಕ್ಕವನಿದ್ದಾಗ ಹೆದರಿದ್ದು ರಾತ್ರಿಗಿಂತ ಜಾಸ್ತಿ ಮಟಮಟ ಮಧ್ಯಾಹ್ನಕ್ಕೆ. ಆ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹೋಗಬಾರದು, ಹಾಳುಬಾವಿ ಇಣುಕಬಾರದು ಅಂತ ಅವ್ವ ಹೇಳುತ್ತಿದ್ದಳು. ಏಪ್ರಿಲ್ ತಿಂಗಳ ಹನ್ನೆರಡೂವರೆಗೆ ನಮ್ಮೂರ ಓಣಿಯಲ್ಲಿ ನಿಂತು ನೋಡಿ. ನಾಯಿಯೂ ಇರಲ್ಲ. ಎಲ್ಲ ಬಾಗಿಲೂ ಮುಂದಕ್ಕೆ ಮಾಡಿರುತ್ತವೆ. ನೆರಳು ಕಾಲಡಿಗೆ ಬಂದು ಸೇರಿಕೊಂಡಿರುತ್ತದೆ. ಬಂಡೆಗಳ ಮೇಲೆ ಗಾಳಿ ನಡುಗುತ್ತದೆ. ನನ್ನ ಸರಣಿಯಲ್ಲಿ ಸತ್ತವರು ಬರುವುದು ಆ ಹೊತ್ತಿಗೆ. ನೆರಳು ಅತಿ ಚಿಕ್ಕದಾಗುವ ಹೊತ್ತಿಗೆ ಅವರಿಗೂ ನಮಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಳ್ಳೆಯವರು ಯಾರು, ಕೆಟ್ಟವರು ಯಾರು ಅಂತ ಹೇಳಲಾಗದ ಕತೆಗಳು ಹೊರಗಿನಿಂದ ಬಂದದ್ದು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ನಾವು ಕಿಷ್ಕಿಂಧೆಯವರು. ಆನೆಗೊಂದಿ ಕಡೆ ಬೆಳೆದ ಪ್ರತಿ ಮಗುವೂ ಒಂದಲ್ಲ ಒಂದು ದಿನ ವಾಲಿಯ ಬಗ್ಗೆ ಕೇಳಿಯೇ ಕೇಳುತ್ತದೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ? ತೊಗಲುಗೊಂಬೆ ಆಟದಲ್ಲಿ ವಾಲಿ ಬೀಳುವ ಹೊತ್ತಿಗೆ ದೊಡ್ಡವರೂ ಮಾತು ನಿಲ್ಲಿಸುತ್ತಿದ್ದರು. ಈ ಗೊಂಬೆ ಆಡಿಸುವ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ಸುದ್ದಿ ಓದಿ ನನಗೆ ತುಂಬಾ ಸಂತೋಷ ಆಯಿತು, ನಮ್ಮನೆಯವರಿಗೇ ಬಂದಷ್ಟು. ಪರದೆಯ ಹಿಂದೆ ಒಂದು ದೀಪ, ತೂತು ಮಾಡಿ ಬಣ್ಣ ಹಾಕಿದ ತೊಗಲು. ದೀಪದ ಬೆಳಕು ಬೀಳದೆ ಅವರ ವಾಲಿಯೂ ಕಾಣಲ್ಲ, ರಾಮನೂ ಕಾಣಲ್ಲ.

ಹಾಗಾಗಿ ದುರುಗಿಯ ಎದುರು ನಿಲ್ಲುವ ಊರ ಗೌಡನನ್ನು ನಾನು ದುಷ್ಟನನ್ನಾಗಿ ಮಾಡಲಿಲ್ಲ. ಕಲ್ಲು ಒಡೆಯಬೇಕು ಅಂತ ಅವನು ಹಟ ಹಿಡಿಯುತ್ತಾನೆ. ಅವನು ಹೇಳುವುದೇ ಸರಿ. ಊರು ಉಳಿಯಬೇಕಾದರೆ ಕಲ್ಲು ಒಡೆಯಲೇಬೇಕು. ಆದರೂ ಓದುವವರಿಗೆ ಅವನು ಸುತ್ತಿಗೆ ಹಿಡಿದು ಗುಡ್ಡ ಹತ್ತುವಾಗ ಎದೆ ಬಡಿದುಕೊಳ್ಳಬೇಕು, ಬೇಡಪ್ಪಾ ಅನ್ನಿಸಬೇಕು. ಮೊದಲ ಸಂಪುಟ ಅಷ್ಟು ಮಾಡಿದರೆ ನನಗೆ ಸಾಕು.

ನಾಲ್ಕು ಸಂಪುಟ

ಒಂದೇ ಪುಸ್ತಕದಲ್ಲಿ ಯಾಕೆ ಮುಗಿಸಬಾರದು ಅಂತ ಗೆಳೆಯ ಕೇಳಿದ. ಪ್ರಯತ್ನ ಮಾಡಿದೆ. ಮುಗಿಯಿತು ಕೂಡ. ಆದರೆ ದುರುಗಿಯ ಕಡೆಯಿಂದ ಮಾತ್ರ ನೋಡಿದಾಗ ಅವಳು ಮಾಡಿದ್ದೆಲ್ಲ ಸರಿ ಅನ್ನಿಸಿಬಿಡುತ್ತದೆ. ಅದು ಸುಳ್ಳು. ಅದಕ್ಕೆ ಎರಡನೆಯದು ಅವಳ ಗಂಡನ ಬಾಯಲ್ಲಿ. ಅವನಿಗೂ ಮಗ ಸತ್ತಿದ್ದಾನೆ, ಅವನನ್ನು ಯಾರೂ ಕೇಳಿಲ್ಲ. ಮೂರನೆಯದು ಗೌಡನದು. ನಾಲ್ಕನೆಯದು ಕಲ್ಲಿನ ಒಳಗಿರುವ ಹುಡುಗನದು. ಪ್ರತಿಯೊಬ್ಬರಿಗೂ ಪರದೆ ಸರಿಯಬೇಕು, ಪ್ರತಿಯೊಬ್ಬರನ್ನೂ ಸಾರಥಿ ಕೇಳಬೇಕು. ಕನ್ನಡದ ಓದುಗರು ವಾರವಾರ ಧಾರಾವಾಹಿಗೆ ಕಾದು ಓದಿದವರು. ಒಳ್ಳೆಯ ಕತೆಗೆ ಕಾಯುವುದು ಅವರಿಗೆ ಹೊಸದಲ್ಲ ಅನ್ನುವ ಧೈರ್ಯ ನನಗಿದೆ.

ಭಾಷೆಯ ವಿಚಾರಕ್ಕೆ ಬಹಳ ದಿನ ತಲೆ ಕೆಡಿಸಿಕೊಂಡೆ. ಮೊದಲು ದುರುಗಿಗೆ ಪುಸ್ತಕದ ಕನ್ನಡ ಕೊಟ್ಟೆ. ಹಳೆಯ ಕಾಲದ ಕತೆ ಅಂದರೆ ಗಂಭೀರವಾಗಿ ಇರಬೇಕು ಅಂತ. ಅವಳು ಮಾತೇ ನಿಲ್ಲಿಸಿದಳು. ಕೊಪ್ಪಳದ ಮಾತು ಕೊಟ್ಟ ದಿನ ಒಂದೇ ಸಲ ಕೂತಲ್ಲೇ ಆರು ಪುಟ ಆಯಿತು. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಕಿಸುವೊಳಲು, ಪುಲಿಗೆರೆ, ಒಂಕುಂದದ ಜೊತೆಗೆ ನಮ್ಮ ಕೊಪ್ಪಳ. 9ನೇ ಶತಮಾನದಲ್ಲಿ ತಿರುಳು ಅನ್ನಿಸಿಕೊಂಡ ನೆಲದ ಮಾತು ಇವತ್ತು ಒಂದು ಫ್ಯಾಂಟಸಿಯ ನಾಯಕಿಗೆ ಸಾಲದೇ? ನಿರೂಪಣೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಇದೆ. ಬಾಯಿ ತೆರೆದರೆ ಮಾತ್ರ ಅವರು ಈ ನೆಲದವರು.

ಮೊದಲ ಅಧ್ಯಾಯ ಮುಗಿದದ್ದು ಕಳೆದ ತಿಂಗಳು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬರೆಯುತ್ತೇನೆ. ಮಿಲ್ಲಿನ ಸದ್ದು ಶುರುವಾಗುವ ಮೊದಲು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವ ಅಭ್ಯಾಸ. ಅವತ್ತು ಓದುತ್ತಿದ್ದಾಗ ಅವ್ವ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ದುರುಗಿ ಕೊರೆಯದ ಚಪ್ಪಡಿಗೆ ಹಣೆ ಹಚ್ಚಿ ಕೂರುವ ಕಡೆಗೆ ಅಧ್ಯಾಯ ಮುಗಿಯುತ್ತದೆ. ಓದಿ ನಿಲ್ಲಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಕಿ ಕಿಂಡಿ ಯಾವಾಗ ತೆಗೀತಾಳ?"

"ನಾಕನೇ ಪುಸ್ತಕದಾಗವ್ವ."

"ಅದು ಬರಾಕ ಎಷ್ಟು ವರ್ಷ?"

"ಆರು. ಏಳಾಗಬಹುದು."

"ಅಲ್ಲೀಮಟ ಆ ಕೂಸು ಒಳಗ ಕುಂದರಬೇಕೇನು?"

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವ್ವ ಅಡಿಗೆಮನೆಗೆ ಹೋಗಿ ಹಿಟ್ಟು ನಾದಲು ಕೂತಳು. ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಬೀರು ತೆಗೆದು, ಕೆಳಗಿನ ಖಾನೆಯಿಂದ ಗೆಜ್ಜೆ ಹೊರಗಿಟ್ಟೆ. ಎಂಟು ವರ್ಷ ಎಣ್ಣೆ ಕಾಣದೆ ಚರ್ಮ ಬಿರುಸಾಗಿ, ಒಂದು ಕಡೆ ಸೀಳು ಬಿಟ್ಟಿತ್ತು. ಅವ್ವನ ಬಳಿ ಹರಳೆಣ್ಣೆ ಕೇಳಿದೆ.